ಬೀಗ ಹಾಕಿದ ನೀರು

ನಮ್ಮ ಮನೆಯಲ್ಲಿ ನೀರಿಗೆ ಬೀಗ ಇತ್ತು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಮೈ ಓರೆ ಮಾಡಿಕೊಂಡು ಹೋಗುವಷ್ಟು ಒಂದು ಓಣಿ. ಅದರ ಗೋಡೆಗೆ ಆತುಕೊಂಡು ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಮುಚ್ಚಳದ ಸುತ್ತ ಕಬ್ಬಿಣದ ಪಟ್ಟಿ, ಪಟ್ಟಿಯ ಕೊಂಡಿಗೆ ಬೀಗ. ಬೀಗದಕೈ ಅಪ್ಪನ ಉಡಿದಾರದಲ್ಲಿ. ಬಚ್ಚಲಿಗೆ ಹೋಗುವಾಗೆಲ್ಲ ನಮ್ಮ ಮೊಣಕೈ ಆ ಡ್ರಮ್ಮುಗಳಿಗೆ ತಗುಲುತ್ತಿತ್ತು, ಒಳಗೆ ನೀರು ಸಣ್ಣಗೆ ಅಲುಗುವ ಸದ್ದು ಕೇಳುತ್ತಿತ್ತು.

ಅಪ್ಪ ಮಾಲೂರಿನ ಕಡೆಯವನು. ತಮಿಳುನಾಡಿನ ಗಡಿಯ ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ ಸಿಕ್ಕಿ ಬಂದವನು ಇಲ್ಲೇ ನಿಂತ, ಜವಳಗಿರಿ ಕಡೆಯ ಹುಡುಗಿಯನ್ನು ಮದುವೆಯಾದ, ಆಲಸನತ್ತಂ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ. ನಾನು ಒಬ್ಬಳೇ ಮಗಳು. ನಟ್ಟು, ಬೋಲ್ಟು, ಬೇರಿಂಗು ಎಷ್ಟು ಖಾಲಿಯಾದರೂ ಕೊನೆಯ ಒಂದು ಪಾಲನ್ನು ಯಾರಿಗೂ ಕೊಡದೆ ಕಾಯುವುದು ಸ್ಟೋರ್ಸಿನವರ ಕೆಲಸವಂತೆ. ಅಪ್ಪ ಅದಕ್ಕೆ ಮಿನಿಮಮ್ ಸ್ಟಾಕು ಅನ್ನುತ್ತಿದ್ದ. ಆ ಮಾತು ಅವನ ಜೊತೆ ಮನೆಗೂ ಬಂತು.

ಬಂದದ್ದು ಹೀಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆಯಲ್ಲಿ ಬೀದಿಯ ಬೋರ್‌ವೆಲ್ಲುಗಳೆಲ್ಲ ಒಣಗಿದವು. ಅದೇ ಸಮಯಕ್ಕೆ ರಸ್ತೆ ಅಗೆಯುವವರು ಪೈಪ್‌ಲೈನ್ ಒಡೆದುಹಾಕಿದರು. ಅಪ್ಪ ಯೂನಿಫಾರಂನಲ್ಲೇ ಒಂದು ಕೊಡ ಹಿಡಿದುಕೊಂಡು ಬೀದಿಯ ತುದಿಯ ದೊಡ್ಡ ಮನೆಗೆ ಹೋದ. ಅಲ್ಲಿ ದೊಡ್ಡ ಸಂಪು ಇತ್ತು. ಮನೆಯೊಡೆಯ ಗೇಟು ತೆಗೆಯದೆ, ಕಂಬಿಯ ಒಳಗಿಂದಲೇ, "ನಮಗೇ ಇಲ್ಲ" ಅಂದನಂತೆ. ಅವನ ಬೆನ್ನ ಹಿಂದೆ ಡ್ರೈವರು ಪೈಪು ಹಿಡಿದು ಕಾರು ತೊಳೆಯುತ್ತಿದ್ದನಂತೆ. ಅಪ್ಪ ಖಾಲಿ ಕೊಡ ತಂದು ಹೊಸಿಲ ಹತ್ತಿರ ಇಟ್ಟ. ಆವತ್ತು ಊಟ ಮಾಡಲಿಲ್ಲ. ಆ ಭಾನುವಾರ ಗುಜರಿ ಅಂಗಡಿಯಿಂದ ಡ್ರಮ್ಮುಗಳು ಬಂದವು. ಒಳಗೆ ಯಾವುದೋ ಹುಳಿ ವಾಸನೆ ಇತ್ತು. ಅಪ್ಪ ಸುಣ್ಣ ಹಾಕಿ, ಬ್ಲೀಚಿಂಗ್ ಪೌಡರ್ ಹಾಕಿ, ಅಂಗೈ ಸುಲಿಯುವ ತನಕ ಉಜ್ಜಿದ.

"ಇನ್ಮೇಲೆ ಯಾರ ಬಾಗ್ಲಿಗೂ ಹೋಗಂಗಿಲ್ಲ" ಅಂದ. "ಇದು ಎಮರ್ಜೆನ್ಸಿಗೆ. ಯಾರೂ ಮುಟ್ಟಂಗಿಲ್ಲ."

"ಎಮರ್ಜೆನ್ಸಿ ಅಂದ್ರೆ ಯಾವಾಗಪ್ಪ?" ಅಂತ ನಾನು ಕೇಳಿದೆ.

"ಬಂದಾಗ ಗೊತ್ತಾಯ್ತದೆ ಕಣಮ್ಮಿ."

ಆಮೇಲೆ ಪೈಪ್‌ಲೈನ್ ಸರಿಹೋಯಿತು, ಆದರೆ ದಿನಾ ನೀರು ಬರುತ್ತಿರಲಿಲ್ಲ. ನಲ್ಲಿಗೆ ಹೊಗೇನಕಲ್ ನೀರು ಬಿಡುವ ದಿನ ಅಪ್ಪ ರಜೆ ಹಾಕಿಯಾದರೂ ಮನೆಯಲ್ಲಿರುತ್ತಿದ್ದ. ಮೊದಲು ಬೀಗ ತೆಗೆದು ಡ್ರಮ್ಮುಗಳಲ್ಲಿ ಒಂದು ಬೆರಳಷ್ಟು ಇಳಿದಿದ್ದರೂ ಅದನ್ನು ತುಂಬಿಸಬೇಕು. ಆಮೇಲೆ ಅಮ್ಮನ ಕೊಡಗಳು. ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು, ಎಷ್ಟೋ ಸಲ ಎಲ್ಲ ಡ್ರಮ್ಮು ತುಂಬುವ ಹೊತ್ತಿಗೆ ನಲ್ಲಿ ಬರೀ ಗಾಳಿ ಉಗುಳುತ್ತಿತ್ತು. ಆಗ ಅಮ್ಮ ಇದ್ದ ಎರಡು ಕೊಡದಲ್ಲೇ ಮುಂದಿನ ಸಲದ ತನಕ ಮನೆ ನಡೆಸಬೇಕು. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಕಕ್ಕಸಿಗೆ. ನಾನು ಹೊರಗಾದ ದಿನಗಳಲ್ಲಿ ಒಂದು ಬಕೆಟ್ ಹೆಚ್ಚು ಬೇಕು ಅಂತ ಅಮ್ಮ ಅಪ್ಪನನ್ನು ಕೇಳಿದಳು. ಅಪ್ಪ ಪೇಪರಿನಿಂದ ತಲೆ ಎತ್ತದೆ, "ತಿಂಗಳಿಗೊಂದ್ಸಲ ಬರೋದು ಎಮರ್ಜೆನ್ಸಿ ಹೆಂಗಾಯ್ತದೆ?" ಅಂದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಅಮ್ಮ ತಿರುಗಿ ಬಂದು ಕುಡಿಯುವ ಕೊಡದಿಂದ ನನಗೆ ಅರ್ಧ ಬಕೆಟ್ ಬಗ್ಗಿಸಿಕೊಟ್ಟಳು. ಆ ದಿನ ಅವಳು ನೀರು ಕುಡಿದದ್ದನ್ನು ನಾನು ನೋಡಲಿಲ್ಲ.

ನನಗೆ ಕೆಲಸ ಸಿಕ್ಕಿ, ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಬಸ್ಸಿನಲ್ಲಿ ಶಿಫ್ಟಿಗೆ ಹೋಗತೊಡಗಿದ ಮೇಲೆ ಅಜ್ಜಿ ನಮ್ಮ ಮನೆಗೆ ಬಂದಳು. ಅಮ್ಮನ ತಾಯಿ. ರಾಗಿ ಹೊಲಕ್ಕೆ ಆನೆ ಬಂದಾಗ ಓಡಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಹೊಸೂರಿನ ಆಸ್ಪತ್ರೆಯಲ್ಲಿ ತೋರಿಸಿದರೆ, ಈ ವಯಸ್ಸಿಗೆ ಆಪರೇಷನ್ ಬೇಡ, ಮಲಗಿಸಿ ನೋಡಿಕೊಳ್ಳಿ ಅಂದರು. ಅಷ್ಟು ದೂರದ ಹಳ್ಳಿಗೆ ಒಯ್ಯುವ ಬದಲು ನಮ್ಮ ಹಾಲಿನಲ್ಲೇ ಮಂಚ ಹಾಕಿದೆವು. ಅಜ್ಜಿ ಮಲಗಿದಲ್ಲಿಂದ ತಲೆ ಹೊರಳಿಸಿದರೆ ನೇರವಾಗಿ ಡ್ರಮ್ಮುಗಳು ಕಾಣುತ್ತಿದ್ದವು.

ಮಲಗಿದವರಿಗೆ ನೀರು ಬಹಳ ಬೇಕು. ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಹಾಸಿಗೆಯ ಮೇಲಿನ ಹಳೇ ಸೀರೆಗಳನ್ನು ದಿನಾ ಒಗೆಯಬೇಕು. ಅಪ್ಪ ಅಷ್ಟರಲ್ಲಿ ಕೆಲಸ ಬಿಟ್ಟು ಮನೆಯಲ್ಲೇ ಇದ್ದ. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅಮ್ಮ ಎಷ್ಟು ಚೊಂಬು ಎತ್ತುತ್ತಾಳೆ ಅಂತ ನೋಡುತ್ತಿದ್ದ. ಅಜ್ಜಿಗೆ ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ನಾನು ಶಿಫ್ಟು ಮುಗಿಸಿ ಬಂದು ಕೂತಿದ್ದಾಗ, ಬಹಳ ಶಾಂತವಾಗಿ ಅಮ್ಮನಿಗೆ ಹೇಳಿದ:

"ನೋಡು, ಕುಡಿಸೋದು ಕಮ್ಮಿ ಮಾಡು. ಒಳಿಕ್ಕೆ ಹೋದ್ರೆ ತಾನೆ ಹೊರಿಕ್ಕೆ ಬರೋದು."

ಅಜ್ಜಿಗೆ ಕಿವಿ ಚೆನ್ನಾಗಿತ್ತು. ಅವಳು ಕೇಳಿಸಿಕೊಂಡಳು. ಅವತ್ತಿನಿಂದ ತಾನಾಗಿಯೇ ನೀರು ಕೇಳುವುದನ್ನು ಬಿಟ್ಟಳು. ಅಮ್ಮ ಲೋಟ ತಂದರೆ ತುಟಿ ಒದ್ದೆ ಮಾಡಿಕೊಂಡು, "ಸಾಕು ಮಗ" ಅನ್ನುತ್ತಿದ್ದಳು. ನಾಲಗೆ ಒಣಗಿ ಮಾತು ಅಂಟಂಟಾಗಿ ಬರುತ್ತಿತ್ತು. ಅಪ್ಪ ಅಂಗಡಿಗೆ ಹೋದಾಗ ಅಮ್ಮ ಬಟ್ಟೆ ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿಕೊಂಡು ಆ ಬಟ್ಟೆಯನ್ನು ಕೂಸಿನ ಹಾಗೆ ಚೀಪುತ್ತಿದ್ದಳು. ನಾನು ಕಾರ್ಖಾನೆಯ ಕ್ಯಾಂಟೀನಿನಿಂದ ಬಾಟಲಿಯಲ್ಲಿ ನೀರು ತರತೊಡಗಿದೆ. ಅದನ್ನೂ ಅವಳು ಎರಡು ಗುಟುಕಿಗಿಂತ ಹೆಚ್ಚು ಕುಡಿಯಲಿಲ್ಲ. "ನಿಮ್ಮಪ್ಪನ್ಗೆ ತೊಂದ್ರೆ ಯಾಕೆ" ಅಂದಳು. ವ್ಯಂಗ್ಯಕ್ಕೆ ಹೇಳಿದ ಮಾತಲ್ಲ ಅದು. ಅಳಿಯನ ಮನೆಯಲ್ಲಿ ಬಿದ್ದಿದ್ದೇನೆ ಅನ್ನುವ ನಾಚಿಕೆ ಅವಳಿಗೆ ನಿಜವಾಗಿಯೂ ಇತ್ತು.

ಬೇಸಿಗೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಅಜ್ಜಿ ಸತ್ತಳು. ಅಮ್ಮ ಕಾಫಿ ತಂದು ಮುಟ್ಟಿ ನೋಡಿದಾಗ ಮೈ ತಣ್ಣಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಹಳ್ಳಿಯಿಂದ ನನ್ನ ಸೋದರಮಾವ, ಅವನ ಜೊತೆ ನೆಂಟರು, ಒಂದು ಟೆಂಪೋದಲ್ಲಿ ಬಂದರು. ಹಳ್ಳಿಗೆ ಒಯ್ಯುವ ಮೊದಲು ಇಲ್ಲಿಯೇ ಮೈ ತೊಳೆಸಿ ಸೀರೆ ಉಡಿಸೋಣ ಅಂತ ಆಯಿತು. ಮನೆಯಲ್ಲಿ ಒಂದು ಕೊಡದ ತಳದಲ್ಲಿ ಚೂರು ನೀರು ಬಿಟ್ಟರೆ ಏನೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದು ಎಷ್ಟೋ ದಿನವಾಗಿತ್ತು. ಅಪ್ಪ, "ಟ್ಯಾಂಕರಿಗೆ ಫೋನ್ ಮಾಡಿದೀನಿ, ಬತ್ತದೆ" ಅಂದ. ಎಲ್ಲರೂ ಕಾದರು. ಬಿಸಿಲು ಏರಿತು. ಅಜ್ಜಿಯನ್ನು ಹಾಲಿನಿಂದ ತಂದು ಅಂಗಳದ ಬೆಂಚಿನ ಮೇಲೆ ಮಲಗಿಸಿದ್ದರು. ಹೆಂಗಸರು ನೊಣ ಓಡಿಸುತ್ತ ಕೂತಿದ್ದರು. ಮಾವ ಒಳಗೆ ಬಂದವನು ಓಣಿಯ ಡ್ರಮ್ಮುಗಳನ್ನು ನೋಡಿ, ಒಂದನ್ನು ಬೆರಳಿಂದ ತಟ್ಟಿದ. ತುಂಬಿದ ಡ್ರಮ್ಮಿನ ದಪ್ಪ ಸದ್ದು.

"ಭಾವ, ಇದ್ರಲ್ಲಿ ನೀರೈತಲ್ಲ?"

"ಅದು ಬೇರೆದಕ್ಕೆ" ಅಂದ ಅಪ್ಪ.

ಮಾವನಿಗೆ ಅರ್ಥವಾಗಲಿಲ್ಲ. ಅಮ್ಮನ ಮುಖ ನೋಡಿದ. ಅಮ್ಮ ಎದ್ದು ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು, ಆದರೆ ದನಿ ಸ್ಥಿರವಾಗಿತ್ತು. ನೆಂಟರೆಲ್ಲ ನೋಡುತ್ತಿರುವಾಗ ಗಂಡನ ಮುಂದೆ ಕೈ ಚಾಚಿದಳು.

"ಬೀಗದಕೈ ಕೊಡಿ."

"ಟ್ಯಾಂಕರ್ ಬತ್ತದೆ ಅಂದ್ನಲ್ಲ."

"ಬರ್ಲಿಲ್ಲ. ಬಿಸ್ಲಾಗ್ತಾ ಐತೆ. ಎರಡು ಕೊಡ ಸಾಕು. ಕೊಡಿ."

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಅವನಿಗೆ ಸಿಟ್ಟೂ ಬಂದಿರಲಿಲ್ಲ. ಸ್ಟೋರ್ಸಿನ ಕಿಟಕಿಯಲ್ಲಿ ಕೂತು ಯಾರಿಗೋ ಬೋಲ್ಟು ಇಲ್ಲ ಅನ್ನುವ ಹಾಗೆ ಹೇಳಿದ:

"ಸತ್ತೋರ್ಗೆ ಎಂಥ ಎಮರ್ಜೆನ್ಸಿ? ಬದುಕಿರೋರ್ಗೆ ಕಣೇ ಅದು."

ಮಾವನ ಕೈ ಮುಷ್ಟಿಯಾಯಿತು. ಸಾವಿನ ಮನೆ ಅಂತ ಹಿರಿಯರೊಬ್ಬರು ಅವನ ಭುಜ ಹಿಡಿದುಕೊಂಡರು. ಅಮ್ಮ ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದಳು. ಆಮೇಲೆ ಸೆರಗಿಗೆ ಒರೆಸಿಕೊಂಡಳು, ಏನೋ ಅಂಟಿದ ಹಾಗೆ.

ಪಕ್ಕದ ಮನೆಯಲ್ಲಿ ಒಬ್ಬ ತಮಿಳು ಹೆಂಗಸು ಬಾಡಿಗೆಗೆ ಇದ್ದಳು. ಕಾಂಪೌಂಡಿನ ಆಚೆಯಿಂದ ಎಲ್ಲ ಕೇಳಿಸಿಕೊಂಡಿರಬೇಕು. ಸೊಂಟದ ಮೇಲೆ ಒಂದು ಪ್ಲಾಸ್ಟಿಕ್ ಕೊಡ ಇಟ್ಟುಕೊಂಡು ಗೇಟು ತಳ್ಳಿ ಬಂದಳು. "ಇಂದಾಂಗಕ್ಕಾ, ಎಡುತ್ತುಕ್ಕೋಂಗ" ಅಂತ ಅಮ್ಮನ ಮುಂದಿಟ್ಟು, ತಗೊಳ್ಳಿ ಅಂತ ಕಣ್ಣಲ್ಲೂ ಹೇಳಿದಳು. ಅವಳ ಮನೆಯಲ್ಲಿ ಅದಕ್ಕಿಂತ ಹೆಚ್ಚು ಇತ್ತೋ ಇಲ್ಲವೋ ಗೊತ್ತಿಲ್ಲ. ಎದುರು ಮನೆಯಿಂದ ಇನ್ನೊಂದು ಕೊಡ ಬಂತು. ಅದರಾಚೆ ಮನೆಯಿಂದ ಅರ್ಧ ಬಕೆಟ್. ಅಮ್ಮ ಅಜ್ಜಿಗೆ ಅರಿಶಿನ ಹಚ್ಚಿ, ಬೇರೆಯವರ ನೀರನ್ನು ಚೊಂಬು ಚೊಂಬಾಗಿ ಸುರಿದು ತೊಳೆದಳು. ಅಪ್ಪ ಒಳಗೆ ಕುರ್ಚಿಯಲ್ಲಿ ಕೂತೇ ಇದ್ದ. ಮಧ್ಯಾಹ್ನದ ಮೇಲೆ ಹಳ್ಳಿಯಲ್ಲಿ ಮಣ್ಣು ಮಾಡಿದೆವು. ಅಪ್ಪ ಬಂದು ಮಣ್ಣು ಹಾಕಿದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಟ್ಯಾಂಕರು ಮಾರನೆ ದಿನ ಬಂತು.

ತಿಥಿ ಮುಗಿಸಿ ಮನೆಗೆ ಬಂದ ಮೇಲೆ ಅಮ್ಮ ಜಗಳ ಆಡುತ್ತಾಳೆ ಅಂತ ನಾನು ಕಾದೆ. ಆಡಲಿಲ್ಲ. ಎಂದಿನಂತೆ ಅಡುಗೆ ಮಾಡಿದಳು, ಮುದ್ದೆ ಕಟ್ಟಿದಳು, ಸಾರು ಬಡಿಸಿದಳು. ಅಪ್ಪನ ತಟ್ಟೆಯ ಪಕ್ಕ ನೀರಿನ ಚೊಂಬು ಮಾತ್ರ ಇಡಲಿಲ್ಲ. ಮದುವೆಯಾದಾಗಿನಿಂದ ಅವನು ಒಂದು ಲೋಟ ನೀರನ್ನೂ ತಾನೇ ಬಗ್ಗಿಸಿಕೊಂಡು ಕುಡಿದವನಲ್ಲ. "ನೀರು" ಅಂದ. ಅಮ್ಮ, "ಹ್ಞೂಂ" ಅಂದು ಎದುರಿಗೆ ಕೂತೇ ಇದ್ದಳು. ಒಂದು ದಿನ ಅವನಿಗೆ ಮುದ್ದೆ ಗಂಟಲಿಗೆ ಸಿಕ್ಕಿಕೊಂಡು ಬಿಕ್ಕಳಿಕೆ ಹತ್ತಿತು. ಕಣ್ಣಲ್ಲಿ ನೀರು ಬಂತು, ಕುತ್ತಿಗೆಯ ನರಗಳು ಉಬ್ಬಿದವು. ನಾನು ಏಳಲು ಹೋದೆ. ಅಮ್ಮ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಅವನು ತಡವರಿಸಿಕೊಂಡು ಅಡುಗೆಮನೆಗೆ ಹೋಗಿ ಕೊಡಕ್ಕೆ ಬಾಯಿ ಹಚ್ಚಿ ಕುಡಿದ. ಅಮ್ಮ ತಿರುಗಿ ಸಹ ನೋಡದೆ ತನ್ನ ತಟ್ಟೆಗೆ ಸಾರು ಹಾಕಿಕೊಂಡಳು.

ಮಳೆಗಾಲ ಬಂತು. ಬಡಾವಣೆಯಲ್ಲಿ ಡೆಂಗ್ಯೂ ಶುರುವಾಯಿತು. ಸೊಳ್ಳೆ ಮರಿ ಹುಡುಕುವ ಕಾರ್ಪೊರೇಷನ್ನಿನ ಹೆಂಗಸರು ಟಾರ್ಚು ಹಿಡಿದು ಮನೆಮನೆಗೆ ಬಂದರು. ನಮ್ಮ ಓಣಿಯನ್ನು ನೋಡಿ ನಿಂತರು.

"ತೊರಂಗ ಸಾರ್, ಪಾತ್ತುಟ್ಟು ಪೋಯಿಡ್ರೋಂ" ಅಂದಳು ಅವರಲ್ಲಿ ದೊಡ್ಡವಳು. ತೆಗೆಯಿರಿ, ನೋಡಿಕೊಂಡು ಹೋಗುತ್ತೇವೆ.

ಅಪ್ಪ ತಮಿಳಿನಲ್ಲೇ ಹೇಳಿದ, ಇದು ಗಾಳಿ ಆಡದ ಮುಚ್ಚಳ, ಒಳಗೆ ಸೊಳ್ಳೆ ಹೋಗುವುದಿಲ್ಲ ಅಂತ. ಅವಳು ಬಿಡಲಿಲ್ಲ. ನೀರಿನ ಕನೆಕ್ಷನ್ ಕಟ್ ಮಾಡಲು ಬರೆಯಬೇಕಾಗುತ್ತದೆ ಅಂದಳು. ಅಜ್ಜಿ ಸತ್ತಾಗಿನಿಂದ ಬೀಗ ತೆಗೆದೇ ಇರದ ಅಪ್ಪ ಉಡಿದಾರದಿಂದ ಬೀಗದಕೈ ಬಿಚ್ಚಿದ. ಮುಚ್ಚಳ ತೆಗೆದ ಕೂಡಲೇ ಹಳೇ ಹುಳಿ ವಾಸನೆ ಮನೆಯೆಲ್ಲ ತುಂಬಿತು. ಟಾರ್ಚಿನ ಬೆಳಕಲ್ಲಿ ನೀರು ಹಸಿರಾಗಿತ್ತು. ಒಂದು ಡ್ರಮ್ಮಿನ ಮುಚ್ಚಳ ಸೀಳಿತ್ತು, ಅದರಲ್ಲಿ ಮರಿಗಳು ಕೊಂಕಿಕೊಂಡು ಮೇಲೆ ಕೆಳಗೆ ಆಡುತ್ತಿದ್ದವು. ಕುಡಿಯುವುದಿರಲಿ, ಆ ನೀರಲ್ಲಿ ಕಾಲು ತೊಳೆಯಲೂ ಆಗುತ್ತಿರಲಿಲ್ಲ.

ಅವರು ಒಂದೊಂದಾಗಿ ಎಳೆದು ಗೇಟಿನ ಹೊರಗೆ ಉರುಳಿಸಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಅಪ್ಪ ಹಿಂದೆ ಹಿಂದೆ ಹೋಗುತ್ತ, "ಮೇಡಂ, ಒಂದು ಇರ್ಲಿ ಮೇಡಂ, ಒಂದೇ ಒಂದು" ಅನ್ನುತ್ತಿದ್ದ. ಗಾಬರಿಯಲ್ಲಿ ಅವನಿಗೆ ತಮಿಳು ಮರೆತುಹೋಗಿತ್ತು. ಕೊನೆಗೆ ತಿರುಗಿ ಅಮ್ಮನ ಕಡೆ ನೋಡಿದ. ನೀನಾದರೂ ಹೇಳು ಅನ್ನುವ ಮುಖ.

ಅಮ್ಮ ಹೊಸಿಲ ಮೇಲೆ ನಿಂತಿದ್ದಳು. ಆ ಹೆಂಗಸಿಗೆ ನಿಧಾನವಾಗಿ ಹೇಳಿದಳು, "ಕಟ್ಟಿಲುಕ್ಕು ಕೀಳೆಯುಂ ಇರುಕ್ಕು. ಪಾರುಂಗ."

ಮಂಚದ ಕೆಳಗೂ ಇದೆ, ನೋಡಿ. ಅಪ್ಪ ತಾನು ಮಲಗುವ ಮಂಚದ ಕೆಳಗೆ ನೀರಿನ ಕ್ಯಾನುಗಳನ್ನು ಅಡಗಿಸಿಟ್ಟಿದ್ದು ನನಗೇ ಗೊತ್ತಿರಲಿಲ್ಲ. ಹೆಂಗಸರು ಒಳಗೆ ಹೋಗಿ ಅವನ್ನೂ ಎಳೆದು ತಂದರು. ಅಪ್ಪ ಆಗ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟ. ಹಸಿರು ನೀರು ಅವನ ಚಪ್ಪಲಿ ತೋಯಿಸಿಕೊಂಡು ಚರಂಡಿಗೆ ಹೋಯಿತು.

ಆ ವಾರವೇ ಅಮ್ಮ ಗುಜರಿಯವನನ್ನು ಕರೆಸಿ ಡ್ರಮ್ಮುಗಳನ್ನು ಲಗೇಜ್ ಆಟೋಗೆ ಹಾಕಿಸಿದಳು. ಅಪ್ಪ ತಡೆಯಲಿಲ್ಲ. ಮುಂದಿನ ವರ್ಷ ನಾನು ಸಾಲ ಮಾಡಿ ಅಂಗಳದಲ್ಲಿ ಸಂಪು ತೋಡಿಸಿದೆ. ಓಣಿ ಖಾಲಿಯಾಗಿತ್ತು, ಅಲ್ಲಿ ವಾಷಿಂಗ್ ಮೆಷಿನ್ ಇಟ್ಟೆವು. ಅಮ್ಮ ಅದರಲ್ಲಿ ತನ್ನ ಬಟ್ಟೆ, ನನ್ನ ಬಟ್ಟೆ, ಹಾಸಿಗೆಯ ಬಟ್ಟೆ ಎಲ್ಲ ಹಾಕುತ್ತಾಳೆ. ಅಪ್ಪನದನ್ನು ತೆಗೆದು ಪಕ್ಕಕ್ಕಿಡುತ್ತಾಳೆ. ಅವನಿಗೀಗ ಕೈ ನಡುಗುತ್ತದೆ. ಹಿತ್ತಿಲಲ್ಲಿ ಒಂದು ಬಕೆಟ್ ಇಟ್ಟುಕೊಂಡು, ಬಗ್ಗಿ, ತನ್ನ ಅಂಗಿ ತಾನೇ ಕುಕ್ಕಿಕೊಳ್ಳುತ್ತಾನೆ. ಸರಿಯಾಗಿ ಹಿಂಡಲು ಆಗದೆ ಹಾಗೆಯೇ ತಂತಿಗೆ ಹಾಕುತ್ತಾನೆ, ಅದು ಸಂಜೆಯ ತನಕ ತೊಟ್ಟಿಕ್ಕುತ್ತಿರುತ್ತದೆ.