ಹೆಮ್ಮೆಗೆ ಹುಲ್ಲು

ನಮ್ಮತ್ತೆ ಮುನಿಕೃಷ್ಣಮ್ಮನವರು ಟೀವಿಯಲ್ಲಿ ಬಂದ ದಿನ ನಾನು ಶಾಲೆಗೆ ರಜೆ ಹಾಕಿದ್ದೆ. ಆರ್.ಟಿ. ನಗರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್ ನಾನು. ಅತ್ತೆಗೆ ಟೀವಿಯಲ್ಲಿ ಮಾತಾಡಲು ಕಲಿಸಿಕೊಟ್ಟವಳೂ ನಾನೇ. ಹಾಗಾಗಿ ಆವತ್ತು ನಡೆದದ್ದರಲ್ಲಿ ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ಮೊದಲೇ ಕೈಯೆತ್ತಿಬಿಡುತ್ತೇನೆ.

ಹಳೇ ಜಕ್ಕೂರಿನಲ್ಲಿ ಅತ್ತೆಯನ್ನು ಗೊತ್ತಿಲ್ಲದವರಿಲ್ಲ. ಮೂವತ್ತೈದು ವರ್ಷದಿಂದ ಮನೆಮನೆಗೆ ಹಾಲು ಹಾಕುತ್ತಿರುವವರು. ಹೊಲ ಹೋಗಿ ಲೇಔಟ್ ಬಂತು, ಲೇಔಟ್ ಪಕ್ಕ ಅಪಾರ್ಟ್‌ಮೆಂಟ್ ಬಂತು, ನಮ್ಮ ಹಂಚಿನ ಮನೆ ಹೋಗಿ ಮೂರು ಮಹಡಿ ಎದ್ದಿತು. ಎಮ್ಮೆಗಳು ಮಾತ್ರ ಎಲ್ಲೂ ಹೋಗಲಿಲ್ಲ. ಮೇಲೆ ಬಾಡಿಗೆಯವರು, ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಗೌರಿ ಮತ್ತು ಲಕ್ಷ್ಮಿ. ನನ್ನ ಗಂಡ ಮನೋಹರ್ ಅವರ ಕಾರು ಬಿಸಿಲಲ್ಲಿ, ರಸ್ತೆಯಲ್ಲಿ ನಿಲ್ಲುತ್ತದೆ.

ಬೆಳಗಾಗುತ್ತಲೇ ಕುಡುಗೋಲು ಹಿಡಿದು ಕೆರೆಗೆ ಹೋಗಿ ಹುಲ್ಲು ಕೊಯ್ದು ತರುವುದು ಅತ್ತೆಯ ದಿನಚರಿ. ಅವರ ಅತ್ತೆಯೂ ಹಾಗೇ ತಂದವರು. ಹೋದ ತಿಂಗಳು, ಹಕ್ಕಿಗಳ ಗೂಡು ಹಾಳಾಗುತ್ತದೆಂದು, ಕೆರೆಯ ಉಸ್ತುವಾರಿ ಸಾಹೇಬರು ಹಿಂದಿನ ಗೇಟಿಗೆ ಬೀಗ ಹಾಕಿಸಿದರು. ಮುಂದಿನ ಗೇಟಿನಲ್ಲಿ ವಾಕಿಂಗ್ ಬರುವವರಿಗೆ ಪ್ರವೇಶವುಂಟು, ಕುಡುಗೋಲಿನವರಿಗೆ ಇಲ್ಲ. ಹುಲ್ಲು ಕೊಯ್ಯುವ ಹತ್ತು ಹೆಂಗಸರು ಬರಿಗೈಯಲ್ಲಿ ವಾಪಸ್ ಬಂದರು. ಒಣಹುಲ್ಲು ಎಷ್ಟು ತಂದು ಹಾಕಿದರೂ ಲಕ್ಷ್ಮಿ ಮೂಸಿ ಮುಖ ತಿರುಗಿಸುತ್ತಿದ್ದಳು. ಮನೋಹರ್ ಮೂರು ವಾರ ನೋಡಿ ಹೇಳಿಯೇಬಿಟ್ಟರು: "ಅಮ್ಮಾ, ಭಾನುವಾರ ದೇವನಹಳ್ಳಿ ಕಡೆಯ ಎಮ್ಮೆ ವ್ಯಾಪಾರಿ ಬರ್ತಾನೆ. ಅಷ್ಟರೊಳಗೆ ಗೇಟ್ ತೆಗೀಲಿಲ್ಲ ಅಂದ್ರೆ ಎಮ್ಮೆ ಕೊಟ್ಬಿಡೋಣ."

ಅತ್ತೆ ಎದ್ದು ಎಮ್ಮೆಗಳ ಹತ್ತಿರ ಹೋದರು. ಆ ದಿನ ಊಟಕ್ಕೂ ಬರಲಿಲ್ಲ.

ಅಷ್ಟರಲ್ಲಿ ಟೀವಿಯವರಿಂದ ಫೋನು! ಶುಕ್ರವಾರ ಬೆಳಗ್ಗೆ ಕೆರೆ ದಂಡೆಯಿಂದ ನೇರ ಪ್ರಸಾರ. ಹುಲ್ಲು ಕೊಯ್ಯುವವರ ಪರವಾಗಿ ಯಾರಾದರೂ ಒಬ್ಬರು ಮಾತಾಡಬೇಕಂತೆ. ಹೆಂಗಸರೆಲ್ಲ ಒಂದೇ ಬಾಯಲ್ಲಿ "ಮುನಿಕಿಷ್ಣಕ್ಕನೇ ಸರಿ" ಎಂದರು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ಪಾಠ ಶುರು ಮಾಡಿದೆ. ಬೇಕಾದದ್ದನ್ನು ಮೊದಲು ಹೇಳಬೇಕು, ಯಾಕೆ ಅನ್ನುವುದನ್ನು ಆಮೇಲೆ. ಮಾತು ಚಿಕ್ಕದಿರಬೇಕು. ಕೇಳುವವರ ಮುಖ ನೋಡಬೇಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು ನಾನು.

"ಅತ್ತೆ, ಎಲ್ಲಾ ಸರಿ. ಆದ್ರೆ ಆ 'ಹ' ಒಂದು ಸರಿ ಹೋಗ್ಬೇಕು. ಹೇಳಿ ನೋಡೋಣ, ಹಾಲು."

"ಆಲು."

"ಹಾ... ಲು."

"ಮೂವತ್ತೈದು ವರ್ಸ ಆಲು ಅಂತ್ಲೇ ಮಾರಿದ್ದೀನಿ ಕಣಮ್ಮಾ. ಒಬ್ರೂ ವಾಪಸ್ ಕೊಟ್ಟಿಲ್ಲ."

"ಟೀವೀಲಿ ಜನ ನಗ್ತಾರೆ ಅತ್ತೆ."

ಆ ಮಾತು ಅವರಿಗೆ ಚುಚ್ಚಿತು. ನನಗೆ ಆಗ ಗೊತ್ತಾಗಲಿಲ್ಲ, ಮೇಷ್ಟರಗಿರಿ ತಲೆಗೇರಿತ್ತು. ಗುರುವಾರ ಸಂಜೆ ಅವರು ಹಾಲು ಕರೆಯುತ್ತಾ "ಹಾಲು, ಹುಲ್ಲು, ಹಸಿವು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಕೇಳಿ ನಾನು ಹಿರಿಹಿರಿ ಹಿಗ್ಗಿದೆ.

ಶುಕ್ರವಾರ ಬೆಳಗ್ಗೆ ಕೆರೆ ದಂಡೆಯ ಮೇಲೆ ಜನವೋ ಜನ. ಸ್ನೇಹಾ ಎಂಬ ವರದಿಗಾರ್ತಿ ಮೈಕ್ ಹಿಡಿದು ಅತ್ತೆಯ ಪಕ್ಕ ನಿಂತಳು. ನಾನು ಕ್ಯಾಮೆರಾದವನ ಹಿಂದೆ.

"ನಮಸ್ಕಾರ. ನನ್ನ ಹೆಸರು ಮುನಿಕೃಷ್ಣಮ್ಮ. ನಮಗೆ ಹುಲ್ಲು ಬೇಕು."

ಆಹಾ! ಒಂದೊಂದು ಅಕ್ಷರವೂ ಕಡೆದಿಟ್ಟ ಹಾಗೆ. ನಾನು ನಿಂತಲ್ಲೇ ಕುಣಿದೆ.

"ನಮ್ಮ ಮನೆಯಲ್ಲಿ ಎರಡು ಹೆಮ್ಮೆ ಇವೆ."

ಅಯ್ಯೋ ದೇವರೇ.

ಸ್ನೇಹಾ ಮುಗುಳ್ನಕ್ಕಳು. "ಎಷ್ಟ್ ಚೆನ್ನಾಗ್ ಹೇಳಿದ್ರಿ! ಯಾವ್ದಮ್ಮಾ ಆ ಎರಡು ಹೆಮ್ಮೆ?"

"ಒಂದು ಗೌರಿ. ಇನ್ನೊಂದು ಲಕ್ಷ್ಮಿ."

"ಓ, ಹೆಣ್ಣುಮಕ್ಕಳು! ಈಗೇನ್ ಮಾಡ್ತಿದ್ದಾರೆ?"

"ಮನೆಯಲ್ಲಿ ಮೆಲುಕು ಹಾಕುತ್ತಿವೆ."

ದಂಡೆಯ ಮೇಲೆ ನಗೆ ಸಿಡಿಯಿತು. ಕ್ಯಾಮೆರಾದವನ ಭುಜ ಕುಲುಕುತ್ತಿತ್ತು. ಮಾತಾಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರಲ್ಲ, ಅದರ ಮೇಲೆ ಇದು ನೇರ ಪ್ರಸಾರ! ಅತ್ತೆ ನನ್ನ ಕಡೆ ನೋಡಿದರು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೆ. ಏನಾಯಿತೆಂದು ಅವರಿಗೆ ಹೊಳೆದ ಗಳಿಗೆಯನ್ನು ನಾನು ಕಣ್ಣಾರೆ ಕಂಡೆ. ಅವರು ಈಗ ಮನೆ ಕಡೆ ನಡೆದುಬಿಡುತ್ತಾರೆ, ಭಾನುವಾರ ಎಮ್ಮೆಗಳು ಲಾರಿ ಹತ್ತುತ್ತವೆ, ಎಲ್ಲಾ ನನ್ನಿಂದ ಎಂದುಕೊಂಡೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಎಲ್ಲರಿಗಿಂತ ಜೋರಾಗಿ ತಾವೇ ನಕ್ಕರು.

"ತಡಿಯವ್ವಾ. ನಮ್ ಸೊಸೆ ಕನ್ನಡ ಟೀಚರು. ಎಲ್ಲೆಲ್ಲಿ ಬಾಯಿ ತಪ್ತದೋ ಅಲ್ಲೆಲ್ಲಾ ಒಂದಕ್ಸರ ಸೇರ್ಸು ಅಂತ ಯೋಳ್ಕೊಟ್ಳು. ನಾನು ಎಮ್ಮೆಗೂ ಸೇರ್ಸ್ಬುಟ್ಟೆ! ನಾಕು ಕಾಲು, ಎಲ್ಡು ಕೊಂಬಿನ ಎಮ್ಮೆ ಕಣವ್ವಾ. ಈಗ ನಂಗ್ ಬಂದಂಗೆ ಯೋಳ್ತೀನಿ, ಕೇಳು. ದಿನಾ ಬೆಳಿಗ್ಗೆ ಎಲ್ಡೇ ಎಲ್ಡು ಗಂಟೆ ಒತ್ತು ಆ ಗೇಟು ತೆಗೀರಿ. ಅಷ್ಟೇಯ."

ಸ್ನೇಹಾ ನಗು ನಿಲ್ಲಿಸಿ ನೇರ ಪ್ರಶ್ನೆಯನ್ನೇ ಹಾಕಿದಳು. "ನೀವು ಹುಲ್ಲು ಕೊಯ್ದ್ರೆ ಹಕ್ಕಿಗಳ ಗೂಡು ಹಾಳಾಗುತ್ತೆ ಅಂತಾರಲ್ಲಾ?"

"ಅಕ್ಕಿ ಗೂಡು ಎಲ್ಲೈತೆ ಅಂತ ನಮ್ಗಿಂತ ಯಾರಿಗ್ಗೊತ್ತವ್ವಾ? ಗೂಡಿರೋ ಜೊಂಡಿಗೆ ನಾವು ಕುಡ್ಲು ಇಕ್ಕಕ್ಕಿಲ್ಲ. ದಡದ್ ಉಲ್ಲು ಕುಯ್ಯದೆ ಬುಟ್ರೆ ಅದೇ ಕೊಳ್ತು ನೀರ್‌ಗೆ ಬೀಳ್ತದೆ." ಈಗ ಅವರು ಕ್ಯಾಮೆರಾ ಕಡೆ ತಿರುಗಿದರು, ಬೆಳಗ್ಗೆ ಹಾಲಿಗೆ ಬಾಗಿಲು ತೆರೆಯುವ ಮನೆಯವರ ಮುಖ ನೋಡುವಂತೆ. "ಬೀಗ ಆಕ್ಸಿರೋ ಸಾಯೇಬ್ರೇ, ನಾಳೆ ಆರು ಗಂಟೆಗೆ ಬನ್ನಿ. ಒಂದೊಂದ್ ಗೂಡೂ ತೋರಿಸ್ತೀನಿ. ಬರೋವಾಗ ಬೀಗದ್ ಕೈ ತನ್ನಿ."

ಅಕ್ಕಿ ಎಂದರೂ ಯಾರಿಗೂ ಅನ್ನ ನೆನಪಾಗಲಿಲ್ಲ. ದಂಡೆಯ ಮೇಲೆ ಚಪ್ಪಾಳೆಯೋ ಚಪ್ಪಾಳೆ! ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಮೂಗು ಸೋರತೊಡಗಿತು. ನಾನು ಹೇಳಿಕೊಟ್ಟದ್ದೆಲ್ಲ ಅದರಲ್ಲಿತ್ತು, ಆ ಒಂದಕ್ಷರ ಬಿಟ್ಟು.

ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲೂ ಅತ್ತೆಯೇ. ಶನಿವಾರ ಆರಕ್ಕೆ ಸಾಹೇಬರು ನಿಜವಾಗಿಯೂ ಬಂದರು. ಅತ್ತೆ ಅವರನ್ನು ಕೆಸರಲ್ಲಿ ನಡೆಸಿಕೊಂಡು ಹೋಗಿ ಹನ್ನೊಂದು ಗೂಡು ತೋರಿಸಿದರು. ಸಾಹೇಬರ ಬೂಟು ಒಂದು ಕಡೆ ಹೂತೇ ಹೋಯಿತಂತೆ. ಎಂಟಕ್ಕೆ ಕಾವಲಿನ ಅಶ್ವತ್ಥ್ ಹಿಂದಿನ ಗೇಟಿನ ಬೀಗ ತೆಗೆದ. ದಿನಾ ಆರರಿಂದ ಎಂಟು, ಕುಡುಗೋಲಿನವರಿಗೆ.

ಭಾನುವಾರ ದೇವನಹಳ್ಳಿಯವನು ಬಂದ. ಮನೋಹರ್ ಬರಬೇಡ ಎಂದು ಫೋನ್ ಮಾಡುವುದನ್ನು ಮರೆತಿದ್ದರು. ಲಕ್ಷ್ಮಿ ಹಸಿಹುಲ್ಲಿನಲ್ಲಿ ಮುಖ ಹುದುಗಿಸಿದ್ದಳು, ತಿರುಗಿಯೂ ನೋಡಲಿಲ್ಲ.

"ಏನಮ್ಮಾ, ಎಮ್ಮೆ ಕೊಡ್ತೀರಂತಲ್ಲಾ?"

ಅತ್ತೆ ಗೌರಿಯ ಬೆನ್ನ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡು, ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

"ಹೆಮ್ಮೆ ಮಾರಕ್ಕಿಲ್ಲಪ್ಪಾ."

ಅವನು ಅರ್ಥವಾಗದೆ ಮನೋಹರ್ ಮುಖ ನೋಡಿದ. ಮನೋಹರ್ ನನ್ನ ಮುಖ ನೋಡಿದರು. ನಾನು ತಿದ್ದಲಿಲ್ಲ.