ತೋಳದ ವಕೀಲರು

ಬೆಟಗೇರಿಯ ನೇಕಾರ ಕಲ್ಲಣ್ಣನವರು ತೋಳ ಎಂದರೆ ಸಾಕು, ತೋಳೇರಿಸುತ್ತಾರೆ. ಕಪ್ಪತಗುಡ್ಡಕ್ಕೆ ತೋಳಗಳನ್ನು ತಂದು ಬಿಡಬೇಕೆಂಬುದು ಅವರ ವಾದ. ಕಕ್ಷಿದಾರ ಮಾತ್ರ ಇಂದಿಗೂ ಅವರ ಎದುರು ಬಂದಿಲ್ಲ. ಗಿರಮಿಟ್ ತಿನ್ನಲು ಕೂತರೆ ಗಿರಮಿಟ್ ಮೆತ್ತಗಾಗುವವರೆಗೂ ತೋಳ. ಮದುವೆಗೆ ಹೋದರೆ ಅಕ್ಷತೆ ಮುಷ್ಟಿಯಲ್ಲಿಟ್ಟುಕೊಂಡೇ ತೋಳ. "ತ್ವಾಳ ಇಲ್ಲದ ಗುಡ್ಡ ಅಂದ್ರ ಅತ್ತಿ ಇಲ್ಲದ ಮನಿ ಇದ್ದಂಗ್ರಿ. ಹಂದಿ, ಜಿಂಕಿಗೆ ಹೇಳವ್ರು ಕೇಳವ್ರು ಬ್ಯಾಡೇನು?" ಎನ್ನುತ್ತಾರೆ. ಹೆಂಡತಿ ಬನಶಂಕರೆವ್ವ, "ಅತ್ತಿ ಇದ್ದ ಮನ್ಯಾಗ ಸಂಸಾರ ಮಾಡೇನಿ, ಜಿಂಕಿ ಪಾಡು ನನಗ ಗೊತ್ತೈತಿ" ಎಂದರೂ ನಕ್ಕು ಮುಂದುವರಿಸುತ್ತಾರೆ. ಅವರ ಬಾಯಿ ಕಟ್ಟಿದವನು ಒಬ್ಬನೇ, ಗುಡ್ಡದ ಬುಡದ ಕುರಿಗಾಹಿ ಹೇಮಪ್ಪ. "ಮಾತು ನಿಮ್ಮವು, ಕುರಿ ನಮ್ಮವು. ನಿಮ್ಮದೇನ್ ಹೋಗತೈತ್ರಿ ಕಲ್ಲಣ್ಣಾರ?" ಎಂದು ಅವನು ಕೇಳಿದ ದಿನ, ಕಲ್ಲಣ್ಣನವರು ಬಹುಶಃ ಮೊದಲ ಸಲ ಚಹಾವನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಿದರು. ಮುಂದಿನ ಸಂತೆಯಲ್ಲಿ ಎರಡು ಕುರಿ ಕೊಂಡು, ಮಗ್ಗದ ಕೆಂಪು ನೂಲನ್ನು ಅವುಗಳ ಕೊರಳಿಗೆ ಕಟ್ಟಿ, ಹೇಮಪ್ಪನ ಹಿಂಡಿಗೇ ಬಿಟ್ಟರು. ಈಗ ವಾರಕ್ಕೊಮ್ಮೆ ಸಂಜೆ ಬಸ್ಸಿಗೆ ಹೋಗಿ ಅವನ್ನು ಹೆಸರು ಹಿಡಿದು ಕರೆಯುತ್ತಾರೆ, ತಲೆ ನೇವರಿಸುತ್ತಾರೆ, ಜೇಬಿನಲ್ಲಿ ತಂದ ಬೆಲ್ಲ ತಿನ್ನಿಸುತ್ತಾರೆ. ಮನಸ್ಸು ಕರಗಿದ ಹೇಮಪ್ಪ ಆ ಎರಡನ್ನೂ ಹಿಂಡಿನ ನಡುವೆ ಮಲಗಿಸಿದರೆ, ಇವರು ಎಬ್ಬಿಸಿಕೊಂಡು ಬಂದು ಗುಡ್ಡದ ಕಡೆಯ ಅಂಚಿಗೆ ಕಟ್ಟುತ್ತಾರೆ. "ತ್ವಾಳಕ್ಕ ಬಾ ಅಂತ ಕರದಾಂವ ನಾನು, ಹೇಮಪ್ಪ," ಎನ್ನುತ್ತಾರೆ, ಕುರಿಯ ಮುಖ ನೋಡದೆ. "ಮೊದಲನೇ ತುತ್ತು ನಮ್ಮ ಮನೀದ ಆಗಬೇಕು."