ಎದುರುಮನೆಯಾಕೆ ಕಾದ ಮಾತು

ಮೊನ್ನೆ ತಿರುವನಂತಪುರದ ನಮ್ಮ ಬ್ಯಾಂಕಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ, ರಜೆ ಮುಗಿಸಿ ಹುಬ್ಬಳ್ಳಿಯಿಂದ ಬಂದ ಹೊಸ ಹುಡುಗಿ ಒಂದು ಡಬ್ಬಿ ತೆರೆದಳು. ಶೇಂಗಾ ಹಿಂಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಖಾರ ಇಲ್ರೀ ಮೇಡಂ, ತಗೋರಿ" ಎಂದಳು ಹುಡುಗಿ. ಖಾರಕ್ಕೆ ಯಾರು ಹೆದರುತ್ತಾರೆ? ನನಗೆ ತ್ರಿಪ್ಪುಣಿತ್ತುರದ ಎದುರುಮನೆಯಾಕೆ ನೆನಪಾಗಿದ್ದಳು...

ಆಗ ನಾನು ಎರ್ನಾಕುಲಂ ಶಾಖೆಯಲ್ಲಿದ್ದೆ, ಮನೆ ಪಕ್ಕದ ತ್ರಿಪ್ಪುಣಿತ್ತುರದಲ್ಲಿ. ಆಕೆಯ ಗಂಡನಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು. ಆಕೆಗೆ ಮಲಯಾಳದ ಒಂದಕ್ಷರವೂ ಬಾರದು. ನಾನೋ ಕಾಸರಗೋಡಿನವಳು, ಎರಡೂ ಭಾಷೆ ನಾಲಿಗೆಯ ಮೇಲೆ. ಹಾಗಾಗಿ ಮೀನು ಬೇಡ ಎನ್ನುವುದರಿಂದ ಹಿಡಿದು ಗ್ಯಾಸ್ ಸಿಲಿಂಡರಿನವನ ಜೊತೆ ಜಗಳ ಮಾಡುವವರೆಗೆ ಆಕೆಯ ಬಾಯಿ ನಾನೇ. ಪ್ರತಿಯಾಗಿ ಹಿಂಡಿ, ಖಡಕ್ ರೊಟ್ಟಿ, ಎಣ್ಣೆಗಾಯಿ ನಮ್ಮ ಮನೆಗೆ ಬರುತ್ತಿದ್ದವು.

ಆಕೆಗೆ ಒಂಬತ್ತು ವರ್ಷದ ಮಗಳು. ಮಾತಿನಲ್ಲಿ ಅರಳು ಹುರಿದ ಹಾಗೆ, ಪುಸ್ತಕ ತೆರೆದರೆ ಮಾತ್ರ ಮುಖ ಸಪ್ಪಗೆ. ಊರಿನಲ್ಲಿದ್ದಾಗ ಕನ್ನಡವನ್ನೂ ಓದಲು ಆಗುತ್ತಿರಲಿಲ್ಲವಂತೆ. ಅಪ್ಪನ ಪ್ರಕಾರ ಅದು ಶುದ್ಧ ಸೋಮಾರಿತನ. ಈ ವರ್ಷವೂ ಹೀಗೇ ಆದರೆ ಊರಿನ ಕಡೆ ವಸತಿ ಶಾಲೆಗೆ ಹಾಕುವುದೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ನನ್ನ ಮಗಳು ಮೈಗಳ್ಳಿ ಅಲ್ರೀ ಅಕ್ಕಾರ," ಎನ್ನುತ್ತಿದ್ದಳು ಆಕೆ. "ಆಕಿಗೆ ಅಕ್ಷರ ಕಣ್ಣಾಗ ನಿಂದ್ರಂಗಿಲ್ಲ. ನಾ ಹೇಳಿದ್ರ ಮನ್ಯಾಗ ಯಾರೂ ಕೇಳಂಗಿಲ್ಲ. ಡಾಕ್ಟರ್ ಬಾಯಿಂದ ಒಂದ ಮಾತು ಬರ್ಲಿ, ಸಾಕು."

ಶಾಲೆಯವರೇ ಎಡಪ್ಪಳ್ಳಿಯ ಒಂದು ಕ್ಲಿನಿಕ್ಕಿಗೆ ಕಳಿಸಿದರು. ಮಕ್ಕಳ ನೆನಪು, ಗಮನ, ಭಾಷೆ, ಓದು ಎಲ್ಲವನ್ನೂ ಅಳೆದು, ಕಲಿಕೆಯ ತೊಂದರೆ ಇದೆಯೋ ಇಲ್ಲವೋ ಹೇಳುವ ಡಾಕ್ಟರ್ ಆಕೆ; ಮೆತ್ತಗಿನ ಮಾತಿನ ಮಲಯಾಳಿ ಹೆಂಗಸು. ಇಂಗ್ಲಿಷ್ ಓದಿನಲ್ಲಿ ಮಗು ಎಡವಿದರೆ ಅದು ಹೊಸ ಊರು, ಹೊಸ ಶಾಲೆಯಿಂದಲೂ ಇರಬಹುದು. ಮನೆಮಾತಿನಲ್ಲೂ ಎಡವುತ್ತಾಳೆಯೇ ಎಂದು ನೋಡಲೇಬೇಕು ಎಂದರು. ಅಪ್ಪ ಅಮ್ಮ ಒಳಗೆ ಕೂರುವ ಹಾಗಿಲ್ಲ. ದುಭಾಷಿಯಾಗಿ ನಾನು ಕೂತೆ. "ಅದುಪೋಲೆ ಮದಿ, ಚೇಚೀ" ಎಂದು ಡಾಕ್ಟರ್ ಮೊದಲೇ ಎಚ್ಚರಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು, ಸೇರಿಸುವುದೂ ಬೇಡ, ಬಿಡುವುದೂ ಬೇಡ ಅಂತ.

ನಾನು ತಲೆಯಾಡಿಸಿದೆ. ಆಮೇಲೆ ಮಾಡಿದ್ದೇನು? ಮಗು ಕಥೆಯನ್ನು ಅರ್ಧಂಬರ್ಧ ಹೇಳಿದರೆ ನಾನು ಮಲಯಾಳದಲ್ಲಿ ಅದನ್ನು ಪೂರ್ತಿ ಮಾಡಿ ಒಪ್ಪಿಸಿದೆ. ಮಗು ನೆನಪಿಟ್ಟು ತಿರುಗಿ ಹೇಳಬೇಕಾದ ಅಂಕಿಗಳನ್ನು ಒಂದೊಂದಾಗಿ ಹೇಳಿ ಎಂದರೆ, ಸುಲಭವಾಗಲೆಂದು ಫೋನ್ ನಂಬರಿನ ಹಾಗೆ ಜೋಡಿಸಿ ಹೇಳಿದೆ. ಕನ್ನಡ ಪಾಠ ಓದುವಾಗ ತಪ್ಪಾದಲ್ಲೆಲ್ಲ ಗುರುತು ಹಾಕುವುದು ನನ್ನ ಪಾಲಿನ ಕೆಲಸ. 'ನದಿ' ಎಂದಿದ್ದಲ್ಲಿ ಮಗು ಚಿತ್ರ ನೋಡಿ 'ಹೊಳಿ' ಎಂದಳು. ಅರ್ಥ ಒಂದೇ ಅಲ್ಲವಾ ಎಂದುಕೊಂಡು ಬಿಟ್ಟೆ. ಮುಂದಿನ ಸಾಲಿನಲ್ಲಿ ತಡವರಿಸಿ ನನ್ನ ಮುಖ ನೋಡಿದಳು. ನನ್ನ ತುಟಿ ತಾನಾಗಿಯೇ ಅಲುಗಿತು. ನೆಂಟರ ಮುಂದೆ ಮಗು ಪದ್ಯ ಹೇಳುವಾಗ ನಾವೆಲ್ಲ ಮಾಡುತ್ತೇವಲ್ಲ, ಹಾಗೆ.

ಪ್ರೀತಿಯಿಂದ ಮಾಡಿದೆ ಎಂದರೆ ಅದು ಪೂರ್ತಿ ನಿಜವಲ್ಲ. ಮಲಯಾಳಿಯ ಮುಂದೆ ನಮ್ಮ ಕನ್ನಡದ ಹುಡುಗಿ ದಡ್ಡಿ ಅನ್ನಿಸಿಕೊಳ್ಳಬಾರದು ಎಂಬ ಹಟ ಅದು. ಕಾಸರಗೋಡಿನ ಶಾಲೆಯಲ್ಲಿ ಕನ್ನಡದವಳೆಂದು ನಗೆಗೀಡಾಗಿ ಬೆಳೆದವಳು ನಾನು. ಆ ಹಳೆಯ ಉರಿ ಅವತ್ತು ಆ ಮಗುವಿನ ಹೆಸರಿನಲ್ಲಿ ಎದ್ದು ಕೂತಿತು. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಮುಂದಿನ ವಾರ ವರದಿ ಕೊಡಲು ಕರೆದರು. ಕನ್ನಡ ಓದು ವಯಸ್ಸಿಗೆ ತಕ್ಕ ಹಾಗಿದೆ, ನೆನಪು ಚೆನ್ನಾಗಿದೆ, ಕಲಿಕೆಯ ತೊಂದರೆ ಕಾಣುವುದಿಲ್ಲ ಎಂದರು ಡಾಕ್ಟರ್. ಅದನ್ನು ಕನ್ನಡದಲ್ಲಿ ಹೇಳಬೇಕಾದವಳೂ ನಾನೇ. ಹೇಳಿದೆ. ಗಂಡನ ಮುಖ ಅರಳಿತು. ಆಕೆ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಖರೇನ ಹಂಗ ಅಂದ್ರೇನ್ರೀ ಅಕ್ಕಾರ?"

ಮನೆಗೆ ವಾಪಸಾಗುವಾಗ ಮೆಟ್ರೋದಲ್ಲಿ ಗಂಡ ತುಸು ದೂರ ನಿಂತು ಫೋನಿನಲ್ಲಿ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಮಗು ಅಮ್ಮನ ಕಿವಿಯಲ್ಲಿ, ಆದರೆ ನನಗೂ ಕೇಳಿಸುವ ಹಾಗೆ, "ಅವ್ವಾ, ನಂಗ ಬರಲಿಲ್ಲಂದ್ರ ಆಂಟಿ ಹೇಳಿಕೊಟ್ರು" ಎಂದಳು. ಎಷ್ಟು ಖುಷಿಯಿತ್ತು ಆ ದನಿಯಲ್ಲಿ! ಆಕೆ ಕಿಟಕಿಯ ಕಡೆ ತಿರುಗಿ ಕೂತಳು.

ಮಾರನೆಯ ದಿನವೇ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಅದೇ ಪರೀಕ್ಷೆಯನ್ನು ಈಗಲೇ ಮತ್ತೆ ಮಾಡಿದರೆ ನಂಬುವ ಹಾಗಿರುವುದಿಲ್ಲ. ಸ್ವಲ್ಪ ಕಾಲ ಬಿಟ್ಟು ಕನ್ನಡ ಬಲ್ಲವರ ಹತ್ತಿರ ಮಾಡಿಸಲಿ. ತಂದೆ ಬಂದರೆ ವರದಿಯನ್ನು ತಿದ್ದಿ ಕೊಡುತ್ತೇನೆ ಎಂದರು. ತಂದೆ ಹೋಗಲಿಲ್ಲ. ನಾನೇ ಅವರ ಮನೆಗೆ ಹೋಗಿ ಕೈಮುಗಿದು ಹೇಳಿದಾಗ ನಕ್ಕುಬಿಟ್ಟರು.

"ಇಷ್ಟು ಮನಸಿಗೆ ಹಚ್ಕೋತಾರೇನ್ರಿ ಮೇಡಂ? ಡಾಕ್ಟರ್ ಬರದು ಕೊಟ್ಟಾರ, ಮುಗೀತು."

ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಳಿಸಲು ಹೊರಗೆ ಬಂದವಳು, "ಮಗಳ ಮರ್ಯಾದಿ ಉಳಿಸೂಣಂತ ಮಾಡಿದ್ರಿ, ಗೊತ್ತೈತ್ರಿ. ಆದ್ರ ಆಕಿಗೆ ಬರಂಗಿಲ್ಲ ಅನ್ನೂದನ್ನ ಯಾರರೆ ನೋಡಬೇಕಿತ್ತು" ಎಂದಳು. ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಏಪ್ರಿಲ್‌ನಲ್ಲಿ ಅಪ್ಪ, ತೊಂದರೆ ಇಲ್ಲವೆಂದ ಮೇಲೆ ಇದು ಸೋಮಾರಿತನವೇ ಎಂದು ಮಗುವನ್ನು ವಸತಿ ಶಾಲೆಗೆ ಬಿಟ್ಟು ಬಂದರು. ಆಕೆ ಆಮೇಲೂ ನಮ್ಮ ಮನೆಗೆ ಬರುತ್ತಿದ್ದಳು, ತಂದ ಡಬ್ಬಿಯನ್ನು ಮೇಜಿನ ಮೇಲಿಟ್ಟು ನಿಂತೇ ಹೋಗುತ್ತಿದ್ದಳು. ಮೊದಲಾಗಿದ್ದರೆ ಕತ್ತಲಾದರೂ ಎದ್ದವಳಲ್ಲ... ಅವರಿಗೆ ಊರಿಗೆ ವರ್ಗವಾಯಿತು, ನನಗೆ ಇಲ್ಲಿಗೆ. ಫೋನ್ ಮಾಡಲು ನನಗೆ ಮುಖವಿರಲಿಲ್ಲ. ಇವತ್ತು ನಾಳೆ ಎಂದು ಮುಂದೂಡಿದೆ.

ಕೆಲವು ತಿಂಗಳ ಹಿಂದೆ ಆಕೆಯ ಹೆಸರು ನನ್ನ ಫೋನಿನಲ್ಲಿ ಮೂಡಿತು. ಎತ್ತಿದರೆ, ಮಗಳು. ಅವ್ವ ಹೋಗಿ ವರ್ಷವಾಯಿತಂತೆ. ಜ್ವರವೆಂದು ಆಸ್ಪತ್ರೆ ಸೇರಿದವಳು ಮನೆಗೆ ಬರಲಿಲ್ಲ. ಅಪ್ಪ ಮಗಳನ್ನು ಹಾಸ್ಟೆಲ್ಲಿನಿಂದ ಬಿಡಿಸಿ ತಂದು, ಹೊಸ ಶಾಲೆಯ ಟೀಚರ್ ಹೇಳಿದರೆಂದು ಧಾರವಾಡದಲ್ಲಿ ಮತ್ತೆ ಪರೀಕ್ಷೆ ಮಾಡಿಸಿದರಂತೆ, ಕನ್ನಡದಲ್ಲಿ. ಓದುವ ತೊಂದರೆ ಮೊದಲಿನಿಂದಲೂ ಇದೆ, ಇದು ಸೋಮಾರಿತನವಲ್ಲ ಎಂದು ಡಾಕ್ಟರ್ ಅಪ್ಪನ ಎದುರಿಗೇ ಹೇಳಿದರಂತೆ.

"ಅಪ್ಪ ಅಲ್ಲೇ ಅತ್ತಬಿಟ್ರು ಆಂಟಿ," ಎಂದಳು. ಆಮೇಲೆ, "ಅವತ್ತ ನೀವ ಹೇಳಿಕೊಡದ ಇದ್ರ, ಅವ್ವನೂ ಈ ಮಾತ ಕೇಳ್ತಿದ್ಲಲ್ರೀ?" ಎಂದು ಕೇಳಿದಳು.

ದೂರುವ ದನಿಯಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು, ಅಷ್ಟೆ. ಈ ಸಲ ನಾನು ಏನನ್ನೂ ಸೇರಿಸಲಿಲ್ಲ, ಬಿಡಲೂ ಇಲ್ಲ.

"ಹೌದು ಮಗಾ. ಕೇಳ್ತಿದ್ದಳು."